ನಾನೇ ಹಾಕಿದ ಚಿಲಕ

ನಾನು ಓದಿದ್ದು ಎಂಜಿನಿಯರಿಂಗ್, ಮಾಡುವುದು ದ್ವಾರಪಾಲಕನ ಕೆಲಸ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಯಾರು ಯಾವ ಫೈಲು ತೆರೆಯಬಹುದು, ಯಾರು ಯಾವ ಸಭೆಗೆ ಬರಬಹುದು ಎಂದು ತೀರ್ಮಾನಿಸುವ ವಿಭಾಗ ನನ್ನದು. ವಿಸಿಟಿಂಗ್ ಕಾರ್ಡಿನಲ್ಲಿ ಈ ಹುದ್ದೆಗೆ ಒಂದೂವರೆ ಸಾಲಿನ ಹೆಸರಿದೆ. ನಮ್ಮೂರು ಉಮರ್ಗಾದಲ್ಲಿ ಯಾರಾದರೂ ಕೇಳಿದರೆ ನಮ್ಮವ್ವ ಮಾತ್ರ 'ಮಗ ಬೆಂಗಳೂರಾಗ ಗೇಟಿನ ಮ್ಯಾಲ ಅದಾನ' ಅಂದುಬಿಡುತ್ತಾಳೆ. ನನಗೆ ಹೆಣ್ಣು ನೋಡುವ ಕಾಲದಲ್ಲಿ ಈ ಒಂದು ಮಾತಿನಿಂದ ನಿಲಂಗಾದ ಒಳ್ಳೊಳ್ಳೆಯ ಸಂಬಂಧಗಳು ಕೈತಪ್ಪಿದವು.

ವೈಕುಂಠದ ಬಾಗಿಲಲ್ಲಿ ಸನಕಾದಿಗಳನ್ನು ತಡೆದದ್ದಕ್ಕೆ ಜಯವಿಜಯರು ಮೂರು ಜನ್ಮ ರಾಕ್ಷಸರಾಗಿ ಹುಟ್ಟಬೇಕಾಯಿತು. ನನ್ನದು ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು, ಅಷ್ಟರಮಟ್ಟಿಗೆ ಕಲಿಯುಗ ಸುಧಾರಿಸಿದೆ.

ನಮ್ಮ ಕಂಪನಿಯ ನಾಲ್ಕೈದು ಸಾವಿರ ಮಂದಿ ಮೂರು ತಿಂಗಳಿಗೊಮ್ಮೆ ಏಕಕಾಲಕ್ಕೆ ಪರದೆಯ ಮುಂದೆ ಕೂಡುತ್ತೇವೆ. ಇದಕ್ಕೆ ಟೌನ್‌ಹಾಲ್ ಎನ್ನುತ್ತಾರೆ. ಪುಟ್ಟಣ್ಣ ಚೆಟ್ಟಿ ಪುರಭವನದ ಗಾಳಿಬೆಳಕೇನೂ ಇದರಲ್ಲಿಲ್ಲ. ಮುಖ್ಯಸ್ಥರು ಬಂದು ಕಂಪನಿಗೆ ಒಳ್ಳೆಯ ಲಾಭವಾಗಿದೆ ಎನ್ನುತ್ತಾರೆ, ಮರುಕ್ಷಣವೇ ಸಂಬಳ ಏರಿಸುವ ಸ್ಥಿತಿಯಿಲ್ಲ ಎನ್ನುತ್ತಾರೆ. ಈ ಎರಡು ವಾಕ್ಯಗಳ ನಡುವಿನ ಸಂದಿಯಲ್ಲಿ ನಾವೆಲ್ಲ ಚಪ್ಪಾಳೆಯ ಚಿತ್ರ ಒತ್ತುತ್ತೇವೆ. ಒಂದು ಸಲ ಆ ಸಂದಿಯಲ್ಲಿ ಡಿಜೆ ಹಾಡು ಕೇಳಿಬಂತು. ಯಾರೋ ಪುಣ್ಯಾತ್ಮರು ಸಭೆಯ ಲಿಂಕನ್ನು ತಮ್ಮ ಬಡಾವಣೆಯ ಕ್ರಿಕೆಟ್ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಬಂದ ಹುಡುಗನಿಗೆ ನಮ್ಮ ಲಾಭನಷ್ಟದಲ್ಲಿ ಆಸಕ್ತಿಯಿರಲಿಲ್ಲ. ಅವನು ಹಾಡು ಪೂರ್ತಿ ಮುಗಿಸಿಯೇ ಹೋದ. ನೌಕರರಲ್ಲಿ ಕೆಲವರು ಆ ಟೌನ್‌ಹಾಲನ್ನು ಈಗಲೂ ಮೆಚ್ಚಿ ನೆನೆಯುತ್ತಾರೆ.

ಮುಖ್ಯಸ್ಥರು ಮೆಚ್ಚಲಿಲ್ಲ. 'ಇನ್ನು ಮುಂದೆ ಖಾತರಿಯಾದ ನೌಕರರಿಗೆ ಮಾತ್ರ ಪ್ರವೇಶ' ಎಂಬ ಆಜ್ಞೆ ಇಳಿಯಿತು, ನನ್ನ ತಲೆಯ ಮೇಲೆ.

ನನಗೆ ಇದಕ್ಕಿಂತ ಬೇರೆ ಸುಖವಿಲ್ಲ. ನಿಯಮ ಬರೆ ಎಂದರೆ ಊಟ ಬಿಟ್ಟು ಬರೆಯುವವನು ನಾನು. ನಿಯಮಕ್ಕಿಂತ ಹೆಚ್ಚಾಗಿ ಅದರ ಬಗ್ಗೆ ಭಾಷಣ ಮಾಡುವುದು ನನ್ನ ದೌರ್ಬಲ್ಯ. ಎಲ್ಲ ವಿಭಾಗದವರನ್ನೂ ಕೂರಿಸಿ ಸ್ಲೈಡುಗಳ ಮೇಲೆ ಸ್ಲೈಡು ಹಾಕಿದೆ. ಕೋವಿಡ್ ಬಂದಾಗ ಝೂಮ್ ಸಭೆಗಳಿಗೆ ದಿನಕ್ಕೆ ಸೇರುವವರ ಲೆಕ್ಕ 2019ರ ಡಿಸೆಂಬರಿನ 1 ಕೋಟಿಯಿಂದ 2020ರ ಮಾರ್ಚಿಗೆ 20 ಕೋಟಿಗೆ ಏರಿತು, ಅವರ ಹಿಂದೆಯೇ ಪುಂಡರೂ ಬಂದರು. ಆ ಏಪ್ರಿಲಿನಲ್ಲಿ ಝೂಮ್ ತಾನಾಗಿಯೇ ಪಾಸ್‌ವರ್ಡನ್ನೂ ಹೊರಗೆ ಕಾಯುವ ಪಡಸಾಲೆಯನ್ನೂ ಕಡ್ಡಾಯದಂತೆ ಹಾಕಿಟ್ಟಿತು, ನಮ್ಮ ಕೇಂದ್ರ ಗೃಹ ಸಚಿವಾಲಯ ಸರ್ಕಾರಿ ಕೆಲಸಕ್ಕೆ ಝೂಮ್ ಬೇಡವೆಂದಿತು. ಇಷ್ಟನ್ನು ಹೇಳಿ, ನನ್ನ ಅಚ್ಚುಮೆಚ್ಚಿನ ಕಥೆಗೆ ಬಂದೆ.

ಅದು 2020ರ ನವೆಂಬರಿನದು. ಐರೋಪ್ಯ ಒಕ್ಕೂಟದ ರಕ್ಷಣಾ ಸಚಿವರು ಗುಟ್ಟಿನ ವಿಡಿಯೋ ಸಭೆ ನಡೆಸಿದ್ದರು. ನೆದರ್ಲೆಂಡ್ಸ್ ಸಚಿವೆಯ ಟ್ವಿಟರ್ ಖಾತೆಯಲ್ಲಿ 'ನೋಡಿ, ಮನೆಯಿಂದಲೇ ಕೆಲಸ' ಎಂಬಂಥ ಒಂದು ಫೋಟೋ ಬಂತು. ಫೋಟೋದಲ್ಲಿದ್ದ ಪರದೆಯಲ್ಲಿ ಆರಂಕಿಯ ಗುಪ್ತಸಂಖ್ಯೆಯ ಐದು ಅಂಕಿ ಕಾಣುತ್ತಿದ್ದವು. ಡೇನಿಯಲ್ ವರ್ಲಾನ್ ಎಂಬ ಪತ್ರಕರ್ತ ಉಳಿದ ಒಂದಂಕಿ ಊಹಿಸಿ ಒಳಗೆ ನುಗ್ಗಿ, ಸಚಿವರಿಗೆಲ್ಲ ಕೈಬೀಸಿದ. ಇದು ಗುಟ್ಟಿನ ಸಭೆ ಎಂದು ನಿನಗೆ ಗೊತ್ತೇನಪ್ಪ ಎಂದು ಅಧ್ಯಕ್ಷತೆ ವಹಿಸಿದ್ದ ಜೋಸೆಪ್ ಬೊರೆಲ್ ಕೇಳಬೇಕಾಯಿತು. ಇಡೀ ಖಂಡದ ರಕ್ಷಣೆಯನ್ನು ಒಂದು ಫೋಟೋ ಕೆಡವಿತು ಎಂದು ನಾನು ಕೈಯೆತ್ತಿ ಹೇಳಿದಾಗ ಮಾರ್ಕೆಟಿಂಗ್ ವಿಭಾಗದ ಹುಡುಗಿಯರು ತಮ್ಮ ಫೋನುಗಳನ್ನು ಮೆಲ್ಲಗೆ ತಿರುಗಿಸಿಟ್ಟರು. ನನಗೆ ರೋಮಾಂಚನ.

ದೂರದ ಕಥೆ ಎಂದು ಯಾರೂ ಮೂಗು ಮುರಿಯದಿರಲಿ ಎಂದು ಹತ್ತಿರದ್ದನ್ನೂ ಹೇಳಿದೆ. 2023ರ ಡಿಸೆಂಬರಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ವಿಡಿಯೋ ಕಲಾಪದೊಳಗೆ ಕಿಡಿಗೇಡಿಗಳು ನುಸುಳಿ ಅಶ್ಲೀಲ ದೃಶ್ಯ ಹಾಕಿದರು. ಮುಖ್ಯ ನ್ಯಾಯಮೂರ್ತಿ ಪ್ರಸನ್ನ ವರಾಳೆಯವರು ವಿಡಿಯೋ ಕಾನ್ಫರೆನ್ಸನ್ನೂ ನೇರ ಪ್ರಸಾರವನ್ನೂ ನಿಲ್ಲಿಸಬೇಕಾಯಿತು. ದೂರದೂರಿನ ಕಕ್ಷಿದಾರನಿಗೆ ರೈಲು ಖರ್ಚು ಉಳಿಸುತ್ತಿದ್ದ ಸೌಕರ್ಯ ಅದು. ಪುಂಡನ ಮೋಜಿಗೆ ಬಡವನ ಟಿಕೆಟ್ಟು.

ಕಡೆಗೆ ಹಾಂಗ್‌ಕಾಂಗ್. 2024ರಲ್ಲಿ ಬೆಳಕಿಗೆ ಬಂದ ಸುದ್ದಿ. ಆರಪ್ ಎಂಬ ಎಂಜಿನಿಯರಿಂಗ್ ಕಂಪನಿಯ ಅಲ್ಲಿನ ನೌಕರನನ್ನು ವಿಡಿಯೋ ಸಭೆಗೆ ಕರೆದರು. ಲಂಡನ್ನಿನ ಹಣಕಾಸು ಮುಖ್ಯಸ್ಥ ಇದ್ದ, ಸಹೋದ್ಯೋಗಿಗಳಿದ್ದರು. ಎಲ್ಲರ ಮುಖವೂ ಸರಿ, ದನಿಯೂ ಸರಿ. ಆತ ಹೇಳಿದ ಖಾತೆಗಳಿಗೆ 20 ಕೋಟಿ ಹಾಂಗ್‌ಕಾಂಗ್ ಡಾಲರ್ ದಾಟಿಸಿದ. ಆಮೇಲೆ ನೋಡಿದರೆ ಸಭೆಯಲ್ಲಿ ಆತನೊಬ್ಬನೇ ಮನುಷ್ಯ, ಉಳಿದವರೆಲ್ಲ ಕಂಪ್ಯೂಟರ್ ಕಟ್ಟಿದ ಸೋಗು. 'ಆದ್ದರಿಂದ ಮಿತ್ರರೇ,' ಎಂದೆ ನಾನು, 'ಹೆಸರು ಹೇಳಿದವನನ್ನು ನಂಬಬೇಡಿ. ದನಿ ಕೇಳಿ ನಂಬಬೇಡಿ. ಮುಖ ತೋರಿಸಿದರೂ ನಂಬಬೇಡಿ. ನಾನೇ ಬಂದು ಬಾಗಿಲು ತಟ್ಟಿದರೂ ತೆರೆಯಬೇಡಿ.'

ಮುಂದಿನ ಸಾಲಿನಲ್ಲಿ ಕೂತು ಇದನ್ನು ಅಕ್ಷರಶಃ ಬರೆದುಕೊಂಡವಳು ನಮ್ಮ ಸಹಾಯವಾಣಿಗೆ ಆಗಷ್ಟೇ ಸೇರಿದ್ದ ಪುತ್ತೂರಿನ ಹುಡುಗಿ.

ನಿಯಮಗಳು ಹೀಗಿದ್ದವು. ಲಿಂಕ್ ಇದ್ದ ಮಾತ್ರಕ್ಕೆ ಒಳಗೆ ಬಿಡುವುದಿಲ್ಲ. ಕಂಪನಿಯ ಖಾತೆಯಿಂದ ಲಾಗಿನ್ ಆಗಬೇಕು, ಪರದೆಯಲ್ಲಿ ಮೂಡಿದ ಎರಡಂಕಿಯನ್ನು ಫೋನಿನ ಆ್ಯಪಿನಲ್ಲಿ ಒತ್ತಬೇಕು. ಹಾಗಲ್ಲದೆ ಬಂದವರು ಹೊರಗಿನ ಲಾಬಿಯಲ್ಲಿ ಕಾಯಬೇಕು, ಅವರ ಹೆಸರಿನ ಮುಂದೆ 'ಅನ್‌ವೆರಿಫೈಡ್' ಎಂಬ ಬಾಲ ಇರುತ್ತದೆ. ಮಾಮೂಲಿ ಫೋನ್ ಕರೆ ಮಾಡಿ ಸಭೆಗೆ ಸೇರುವ ಹಿಂಬಾಗಿಲು ಬಂದ್, ಏಕೆಂದರೆ ಅಲ್ಲಿ ಕಾಣುವುದು ಬರೀ ನಂಬರು. ಒಬ್ಬನೇ ಮನುಷ್ಯ ಹತ್ತು ನಿಮಿಷದೊಳಗೆ ದೂರದೂರದ ಎರಡು ಊರುಗಳಿಂದ ಲಾಗಿನ್ ಮಾಡಿದರೆ ಖಾತೆ ತನ್ನಷ್ಟಕ್ಕೆ ಸ್ಥಗಿತ. ಲಾಬಿಯಲ್ಲಿ ನಿಂತವರನ್ನು ಒಳಗೆ ಬಿಡುವ ಅಧಿಕಾರ ಒಬ್ಬನಿಗೆ ಮಾತ್ರ. ಆ ಒಬ್ಬ ಯಾರೆಂದು ಬೇರೆ ಹೇಳಬೇಕಿಲ್ಲ. ಅವನ ಖಾತೆಯೇ ಸ್ಥಗಿತಗೊಂಡರೆ? ಅವನು ಗುರುತಿನ ಕಾರ್ಡಿನೊಂದಿಗೆ ಖುದ್ದಾಗಿ ಬೆಂಗಳೂರಿನ ಕಚೇರಿಗೆ ಬರಬೇಕು. ಈ ಕೊನೆಯದನ್ನು ದಪ್ಪಕ್ಷರದಲ್ಲಿ ಹಾಕಿಸಿದ್ದೆ, ನಿಯಮಕ್ಕೆ ನಾನೂ ಹೊರತಲ್ಲ ಎಂದು ಜಗತ್ತಿಗೆ ತಿಳಿಯಲೆಂದು.

ಹೊಸ ನಿಯಮದ ಮೊದಲ ಟೌನ್‌ಹಾಲ್ ಬಂದ ದಿನವೇ ಉದಗೀರದಲ್ಲಿ ನಮ್ಮ ದೊಡ್ಡಪ್ಪನ ಮೊಮ್ಮಗನ ಲಗ್ನ.

ರಜೆ ಹಾಕಬಹುದಿತ್ತು. ಹಾಕಿದ್ದರೆ ಲಾಬಿಯ ಕೀಲಿ ಬೇರೆಯವರ ಕೈಗೆ ಕೊಡಬೇಕಿತ್ತು, ಆ ಸಂಕಟ ನನ್ನಿಂದ ತಡೆಯಲಾಗದು. 'ಮನೆಯಿಂದ ಕೆಲಸ' ಎಂದು ಬರೆದು ಉಮರ್ಗಾಕ್ಕೆ ಬಂದೆ. ಉಮರ್ಗಾ ಎಂದರೆ ಪುಣೆ-ಹೈದರಾಬಾದ್ ಹೆದ್ದಾರಿಯ ಮೇಲಿನ ಊರು. ಮಹಾರಾಷ್ಟ್ರದ ಅಂಚು, ಆಳಂದ, ಬಸವಕಲ್ಯಾಣ ಕೂಗಳತೆಯಲ್ಲಿ. ಮನೆಯೊಳಗೆ ನಮ್ಮದು ಕನ್ನಡ, ಪೇಟೆಯಲ್ಲಿ ಮರಾಠಿ, ಬಸ್‌ಸ್ಟ್ಯಾಂಡಿನಲ್ಲಿ ಜಗಳವಾಡಲು ದಖ್ಖನಿ. ಬೆಳಿಗ್ಗೆ ಎಂಟಕ್ಕೇ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ, ಹಾಲ್‌ನ ದೊಡ್ಡ ಟಿವಿಗೆ ಜೋಡಿಸಿ, ಸಭೆಯ ತಾಲೀಮು ಮುಗಿಸಿದೆ. ಕ್ಯಾಮೆರಾ ಸರಿ, ಮೈಕು ಸರಿ, ಲಾಬಿಯ ಗುಂಡಿ ಸರಿ. ಎಲ್ಲ ಹಾಗೇ ಬಿಟ್ಟು ಎದ್ದೆ. ಮಧ್ಯಾಹ್ನ ಮೂರೂವರೆಗೆ ಸಭೆ, ಅಷ್ಟರಲ್ಲಿ ಉದಗೀರದಿಂದ ಫೋನಿನಲ್ಲೇ ಸೇರಿದರಾಯಿತು ಎಂಬ ಲೆಕ್ಕ. ಲ್ಯಾಪ್‌ಟಾಪನ್ನು ಹೆಗಲಿಗೇರಿಸಿಕೊಂಡು ಹೋಗಬಾರದಿತ್ತೇ ಎಂದು ನೀವು ಕೇಳಬಹುದು. ಲಗ್ನಕ್ಕೆ ಲ್ಯಾಪ್‌ಟಾಪ್ ತಂದವನನ್ನು ನಮ್ಮ ಕಡೆ ರಜೆ ಸಿಗದ ಬಡಪಾಯಿ ಎಂದು ನೋಡುತ್ತಾರೆ. ಅದರ ಮೇಲೆ ಅವ್ವನ ಗೇಟಿನ ಮಾತು ಬೇರೆ ಉದಗೀರದವರೆಗೂ ಮುಟ್ಟಿತ್ತು.

ಮನೆಯಲ್ಲಿ ಉಳಿದವರು ಇಬ್ಬರು. ಮೊಣಕಾಲು ನೋವೆಂದು ಅವ್ವ. ಇನ್ನೊಬ್ಬ ನಮ್ಮ ಸೋದರಮಾವ. ಅವನಿಗೂ ಉದಗೀರದವರಿಗೂ ಒಂದು ಹೋರಿಯ ವ್ಯವಹಾರದಲ್ಲಿ ಮಾತು ಬಿಟ್ಟಿದೆ. ಮಾವ ದೇವಣಿ ತಳಿಯ ದನಗಳ ಪಾರಖಿ. ಮೈಯೆಲ್ಲ ಬಿಳಿಯದು ಬಾಲಂಕ್ಯಾ, ಬಿಳಿ ಮೈಗೆ ಮುಖದ ಬದಿ ಕಪ್ಪಿದ್ದರೆ ವಾನೇರಾ, ಕಪ್ಪು ಚುಕ್ಕೆ ಬಿದ್ದದ್ದು ಶೇವರಾ ಎಂದು ದೂರದಿಂದಲೇ ಹೇಳುತ್ತಾನೆ. ಮಾಳೇಗಾಂವದ ಖಂಡೋಬಾ ಜಾತ್ರೆಯಲ್ಲಿ ಒಂದು ಹೋರಿಯನ್ನು ನೋಡಿ, ಅದು ಯಾರ ಕೊಟ್ಟಿಗೆಯದು, ಮಾರಲು ತಂದವನು ನಿಜವಾಗಿ ಅದರ ಒಡೆಯನೋ ಅಲ್ಲವೋ ಎಂದು ಹೇಳುವ ಮನುಷ್ಯ. ಈ ವಿವರವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕ್ರೂಸರ್ ಗಾಡಿಯಲ್ಲಿ ಹದಿನಾಲ್ಕು ಮಂದಿ, ನನ್ನ ತೊಡೆಯ ಮೇಲೆ ಯಾರದೋ ಕೂಸು. ನಿಲಂಗಾದಲ್ಲಿ ಅಪ್ಪನ ಹಳೆಯ ಗೆಳೆಯರನ್ನು ಹತ್ತಿಸಿಕೊಳ್ಳುವ ಹೊತ್ತಿಗೆ ಊಟದ ಮುಹೂರ್ತ ಮೀರಿತ್ತು. ಔರಾದ ಶಹಾಜನಿಯಲ್ಲಿ ಇನ್ಯಾರನ್ನೋ ಕರೆದುಕೊಳ್ಳಬೇಕೆಂದು ಗಾಡಿ ಗಡಿಯ ಕಡೆ ಸುತ್ತು ಹಾಕಿತು. ಕಬ್ಬಿನ ಟ್ರಾಕ್ಟರಿನ ಹಿಂದೆ ತೆವಳುತ್ತಿದ್ದಾಗ ಗಂಟೆ ಮೂರಾಯಿತೆಂದು ಫೋನ್ ತೆಗೆದು ಲಾಗಿನ್ ಆದೆ. ನೆಟ್‌ವರ್ಕ್ ಹೋಯಿತು, ಬಂತು. ಮತ್ತೆ ಒತ್ತಿದೆ. ಒಮ್ಮೆ ಮಹಾರಾಷ್ಟ್ರದ ಕಂಬ, ಒಮ್ಮೆ ಕರ್ನಾಟಕದ ಕಂಬ.

ಇಂಟರ್‌ನೆಟ್ ವಿಳಾಸ ನೋಡಿ ಮನುಷ್ಯನ ಊರು ಹೇಳುವ ಲೆಕ್ಕ ಬಹಳ ಒರಟು. ಉಮರ್ಗಾದ ಬ್ರಾಡ್‌ಬ್ಯಾಂಡ್ ಲೋಕಕ್ಕೆ ತಲೆಯೆತ್ತುವುದು ಪುಣೆಯಲ್ಲಿ. ಮೊಬೈಲ್ ಡೇಟಾ ತನ್ನ ದೊಡ್ಡ ಕೇಂದ್ರ ಯಾವ ನಗರದಲ್ಲಿದೆಯೋ ಆ ನಗರದ್ದೆಂದು ಕಾಣುತ್ತದೆ. ಹೀಗಾಗಿ ನಾನು ಬರೆದ ವ್ಯವಸ್ಥೆಯ ಕಣ್ಣಿಗೆ, ಪುಣೆಯಲ್ಲಿ ಕೂತಿದ್ದ ನಾನು ಐದು ನಿಮಿಷದಲ್ಲಿ ಮುಂಬೈಗೆ ಹಾರಿ, ಅಲ್ಲಿಂದ ನಾಲ್ಕು ನಿಮಿಷದಲ್ಲಿ ಬೆಂಗಳೂರಿಗೆ ಹಾರಿದ್ದೆ. ಅದೇ ಹೊತ್ತಿಗೆ ಕಬ್ಬಿನ ಟ್ರಾಕ್ಟರು ನನ್ನನ್ನು ಮುಂದೆ ಬಿಡುತ್ತಿರಲಿಲ್ಲ.

ಫೋನು ಕೆಂಪಾಯಿತು. ಖಾತೆ ಸ್ಥಗಿತ. 'ನಿಮ್ಮ ಆಡಳಿತಗಾರರನ್ನು ಸಂಪರ್ಕಿಸಿ' ಎಂದು ಒಂದು ನಂಬರು. ಗಾಬರಿಯಲ್ಲಿ ಒತ್ತಿದೆ. ಎಂಗೇಜ್ ಬಂತು. ಮತ್ತೆ ಒತ್ತಿದೆ, ಎಂಗೇಜ್. ಕೆಲಸದ ಹೊತ್ತಿನಲ್ಲಿ ಯಾರೊಂದಿಗೋ ಹರಟೆ ಹೊಡೆಯುತ್ತಿದ್ದಾನೆ ಎಂದು ಆ ಆಡಳಿತಗಾರನನ್ನು ಜೋರಾಗಿಯೇ ಬೈದೆ. ಪಕ್ಕದಲ್ಲಿ ಕೂತ ಹುಡುಗ ಇಣುಕಿ ನೋಡಿ, 'ಕಾಕಾ, ಇದು ನಿಮ್ಮದೇ ನಂಬರ್ ಅದ' ಎಂದ.

ಉದಗೀರದಲ್ಲಿ ಮಂಗಲ ಕಾರ್ಯಾಲಯ ಹೊಕ್ಕರೆ ಬ್ಯಾಂಡಿನ ಸದ್ದು. ಫೋನಿನಲ್ಲಿ ಮಾತು ಕೇಳಬೇಕಾದರೆ ಕೋಟೆಯೇ ಗತಿ ಎಂದು ಅತ್ತ ಓಡಿದೆ. ನನ್ನ ಹಿಂದೆ ಅಪ್ಪನೂ ಬಂದ, ಮಗ ಊಟ ಬಿಟ್ಟು ಓಡಿದ್ದು ಕಂಡು. ಕಂದಕ ದಾಟಿ ಒಳಗೆ ಹೋದೆವು, ಯಾರೂ ಒಟಿಪಿ ಕೇಳಲಿಲ್ಲ. ಸಹಾಯವಾಣಿಗೆ ಫೋನ್ ಹಚ್ಚಿದೆ. ಪುತ್ತೂರಿನ ಹುಡುಗಿ.

'ಸರ್, ನಿಮ್ಮ ಗುಪ್ತ ಪ್ರಶ್ನೆಗೆ ಉತ್ತರ ಹೇಳಬೇಕು. ತಂದೆ ಹುಟ್ಟಿದ ಜಿಲ್ಲೆ ಯಾವುದು?'

ಈ ಪ್ರಶ್ನೆಯನ್ನು ಪಟ್ಟಿಗೆ ಸೇರಿಸಿದವನು ನಾನೇ. ಅಪ್ಪ ಹುಟ್ಟಿದ್ದು ನಿಲಂಗಾದಲ್ಲಿ, ರಜಾಕಾರರ ಗದ್ದಲ ಮುಗಿದ ಮೇಲೆ. ಆಗ ನಿಲಂಗಾ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯ ತಾಲ್ಲೂಕು. 'ಬೀದರ್' ಎಂದೆ. ತಪ್ಪು ಎಂದಳು. ಸರಿಯೇ, 1956ರ ನವೆಂಬರ್ 1ರಂದು ಬೀದರಿನ ಒಂದು ಭಾಗ ಮೈಸೂರು ರಾಜ್ಯಕ್ಕೆ ಬಂದಾಗ ನಿಲಂಗಾ, ಉದಗೀರ, ಅಹಮದಪುರ ತಾಲ್ಲೂಕುಗಳನ್ನು ಕತ್ತರಿಸಿ ಮುಂಬಯಿ ರಾಜ್ಯಕ್ಕೆ ಕೊಟ್ಟರು, ಅವು ಉಸ್ಮಾನಾಬಾದ್ ಜಿಲ್ಲೆಗೆ ಸೇರಿದವು. ಅಪ್ಪ ಶಾಲೆಗೆ ಹೋದದ್ದು ಆ ಜಿಲ್ಲೆಯಲ್ಲಿ, ದಾಖಲೆಯಲ್ಲಿ ಅದೇ ಇರಬೇಕು. 'ಉಸ್ಮಾನಾಬಾದ್' ಎಂದೆ. ಅದೂ ಅಲ್ಲ. ಹಾಗಾದರೆ 1982ರಲ್ಲಿ ಲಾತೂರು ಬೇರೆ ಜಿಲ್ಲೆಯಾಯಿತಲ್ಲ, ನಿಲಂಗಾ ಈಗ ಅದರಲ್ಲಿದೆ. 'ಲಾತೂರು.' ಅದೂ ಅಲ್ಲ. ಇತ್ತ 2023ರಲ್ಲಿ ಉಸ್ಮಾನಾಬಾದು ಧಾರಾಶಿವವಾಗಿದೆ, ಅದನ್ನೂ ಹೇಳಲೇ ಎಂದು ಬಾಯಿ ತೆರೆದೆ. 'ಸರ್, ಒಬ್ಬ ತಂದೆ ಎಷ್ಟು ಜಿಲ್ಲೆಯಲ್ಲಿ ಹುಟ್ಟುವುದು ಮಾರಾಯ್ರೆ' ಎಂದಳು ಅವಳು, ಬಹಳ ಮರ್ಯಾದೆಯಿಂದ.

ಅಪ್ಪನನ್ನೇ ಕೇಳಿದೆ. 'ಆ ಪೋರಿ ಯಾವ ಸರ್ಕಾರದ ಲೆಕ್ಕದಾಗ ಕೇಳ್ಲತ್ತಾಳ?' ಎಂದ. 'ನಾ ಹುಟ್ಟಿದ್ದು ನಮ್ಮಜ್ಜನ ಪಡಸಾಲ್ಯಾಗ. ಪಡಸಾಲಿ ಎಲ್ಲೂ ಹೋಗಿಲ್ಲ. ಜಿಲ್ಲಾ ಹೋಗ್ಯಾವ.'

ಸರಿಯುತ್ತರ ಏನೆಂದು ನನಗೆ ನೆನಪಾದದ್ದು ಎರಡು ದಿನದ ಮೇಲೆ, ಹಲ್ಲುಜ್ಜುವಾಗ. ಕಳ್ಳರಿಗೆ ಊಹೆಗೆ ಸಿಗಬಾರದೆಂದು ಬೇಕೆಂತಲೇ ಸುಳ್ಳು ಬರೆದಿದ್ದೆ: ಕೋಲಾರ.

ಇನ್ನು ಉಳಿದದ್ದು ಮುಖ. 'ವಿಡಿಯೋ ಹಾಕುತ್ತೇನಮ್ಮ, ನೋಡಿಬಿಡು' ಎಂದೆ. ಹಾಕಿದೆ. ಉದಗೀರದವರು ಬಂದವರಿಗೆಲ್ಲ ಕಟ್ಟಿದ್ದ ಕೇಸರಿ ಫೇಟಾ ನನ್ನ ತಲೆಯ ಮೇಲಿತ್ತು. ಕೆನ್ನೆಗೆ ಅತ್ತಿಗೆಯಂದಿರು ಬಳಿದ ಅರಿಶಿನ. ಹಿಂದೆ ಕೋಟೆಯ ಬುರುಜು. ಅವಳು ಸ್ವಲ್ಪ ಹೊತ್ತು ನೋಡಿ ಹೇಳಿದಳು: 'ಸರ್, ಹಾಂಗ್‌ಕಾಂಗಿನಲ್ಲೂ ಮುಖ ಸರಿಯಾಗಿಯೇ ಇತ್ತು.'

'ನನ್ನ ದನಿ ಗೊತ್ತಿಲ್ಲವೇನು ನಿನಗೆ?'

'ದನಿ ಕೇಳಿ ನಂಬಬೇಡಿ ಅಂತ ನೀವೇ ಹೇಳಿದ್ದು. ನೀವು ನೀವೇ ಆಗಿದ್ದರೆ.'

ಆ ಹುಡುಗಿಗೆ ಬಡ್ತಿ ಕೊಡಬೇಕೆಂದೂ, ಬುರುಜಿನಿಂದ ಹಾರಿಕೊಳ್ಳಬೇಕೆಂದೂ ಒಟ್ಟಿಗೆ ಅನಿಸಿತು. ಆಮೇಲೆ ಅವಳು ಇನ್ನೊಂದು ಮಾತು ಸೇರಿಸಿದಳು. 'ಅದೂ ಅಲ್ಲದೆ ಸರ್, ನೀವು ಈಗಾಗಲೇ ಸಭೆಯಲ್ಲಿದ್ದೀರಿ. ವೆರಿಫೈಡ್ ಅಂತ ಹಸಿರು ಗುರುತು ಇದೆ. ಒಬ್ಬೊಬ್ಬರನ್ನೇ ಒಳಗೆ ಬಿಡ್ತಾ ಇದ್ದೀರಿ.'

ನಾನು ಫೇಟಾ ತೆಗೆದು ಕಲ್ಲಿನ ಮೇಲೆ ಕೂತೆ.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ. ಖಾತೆ ಸ್ಥಗಿತವಾದರೆ ಹೊಸದಾಗಿ ಬರುವವನಿಗೆ ಬಾಗಿಲು ಮುಚ್ಚುತ್ತದೆ. ಮೊದಲೇ ಒಳಗೆ ಕೂತವನನ್ನು ಎಬ್ಬಿಸಿ ಕಳಿಸಲು ಬೇರೆಯದೇ ಗುಂಡಿ ಒತ್ತಬೇಕು. ಅದನ್ನು ತಾನಾಗಿಯೇ ಒತ್ತುವಂತೆ ಮಾಡುವುದು ಮುಂದಿನ ತಿಂಗಳ ನನ್ನ ಕೆಲಸದ ಪಟ್ಟಿಯಲ್ಲಿತ್ತು. ಹೀಗಾಗಿ ನಾನು ಹೊರಗೆ, ನನ್ನ ಲ್ಯಾಪ್‌ಟಾಪು ಒಳಗೆ. ವ್ಯವಸ್ಥೆ ಗುರುತಿಸುವುದು ಮನುಷ್ಯನನ್ನಲ್ಲ, ಅವನು ಬೆಳಿಗ್ಗೆ ಎಂಟಕ್ಕೆ ತೆರೆದಿಟ್ಟ ಪೆಟ್ಟಿಗೆಯನ್ನು. ಹಾಗೆ ನೋಡಿದರೆ ಆ ಪೆಟ್ಟಿಗೆಯ ಮುಂದೆ ಮೊದಲ ದಿನವೇ ಬೇರೆಯವನು ಕೂತಿರಬಹುದು. ಭದ್ರತೆಯ ಪಾಠ ಹೇಳುವುದೇ ಕಸುಬಾದ ಅಮೆರಿಕದ ನೋಬಿಫೋರ್ ಕಂಪನಿ 2024ರಲ್ಲಿ ಸಂದರ್ಶನ, ವಿಚಾರಣೆ ಎಲ್ಲ ಮುಗಿಸಿ ಒಬ್ಬ ಎಂಜಿನಿಯರನ್ನು ಸೇರಿಸಿಕೊಂಡಿತು. ಅವನು ಅಮೆರಿಕದವನ ವೇಷ ಹಾಕಿದ ಉತ್ತರ ಕೊರಿಯಾದ ಆಸಾಮಿ ಎಂದು ತಿಳಿದದ್ದು, ಕಳಿಸಿಕೊಟ್ಟ ಲ್ಯಾಪ್‌ಟಾಪಿನಲ್ಲಿ ಕೆಟ್ಟ ತಂತ್ರಾಂಶ ತುಂಬತೊಡಗಿದ ಮೇಲೆ. ಖಾತರಿಯಾದ ನೌಕರನೇ, ಎಲ್ಲ ರೀತಿಯಿಂದಲೂ.

ನಾನು ಕೂತಿದ್ದ ಕೋಟೆಗೂ ಈ ಪಾಠ ಹೊಸದಲ್ಲ. 1759ರಲ್ಲಿ ಪೇಶ್ವೆ ಅಹಮದ್‌ನಗರದ ಕೋಟೆ ಪಡೆದದ್ದು ಗೋಡೆ ಒಡೆದಲ್ಲ. ನಿಜಾಮನ ಕಿಲ್ಲೇದಾರ ಕವಿ ಜಂಗನೇ ದುಡ್ಡು ತೆಗೆದುಕೊಂಡು ಬಿಟ್ಟುಕೊಟ್ಟ. ಆ ಜಗಳವೇ ಬೆಳೆದು 1760ರ ಫೆಬ್ರುವರಿಯಲ್ಲಿ ಉದಗೀರಕ್ಕೆ ಬಂತು, ಸದಾಶಿವರಾವ್ ಭಾವು ಇಲ್ಲಿ ನಿಜಾಮನನ್ನು ಸೋಲಿಸಿದ. ಭಾವುವಿನ ಪರ ತೋಪು ಹಾರಿಸಿದ ಇಬ್ರಾಹಿಂ ಖಾನ್ ಗಾರ್ದಿ ಮೊದಲು ನಿಜಾಮನ ಚಾಕರಿಯಲ್ಲಿದ್ದವನು, ಅಂದರೆ ಮಾಜಿ ನೌಕರ. ಒಳಗಿನವರು ಮತ್ತು ಕೆಲಸ ಬಿಟ್ಟವರು, ಇವರಿಬ್ಬರ ಬಗ್ಗೆ ನನ್ನ ಸ್ಲೈಡುಗಳಲ್ಲಿ ಒಂದು ಸಾಲೂ ಇರಲಿಲ್ಲ. ಮುಂದಿನ ಸಲ ಉದಗೀರದ ಚಿತ್ರ ಹಾಕಬೇಕು.

ಅತ್ತ ಉಮರ್ಗಾದಲ್ಲಿ ನಡೆದದ್ದನ್ನು ಆಮೇಲೆ ಹಲವರ ಬಾಯಿಂದ ಕೇಳಿ ಜೋಡಿಸಿದ್ದೇನೆ.

ಮೂರೂವರೆಗೆ ಟಿವಿಯಲ್ಲಿ ಸಭೆ ಶುರುವಾಯಿತು. ಅವ್ವ ಧಾರಾವಾಹಿ ಎಂದುಕೊಂಡು ಕೂತಳು. ಮೂಲೆಯಲ್ಲಿ ಪಟ್ಟಿಯೊಂದು ಮೇಲೇಳುತ್ತಿತ್ತು. ಏನದು ಎಂದು ಕೇಳಿದ್ದಕ್ಕೆ ಪಕ್ಕದ ಮನೆಯ ಏಳನೆಯ ಇಯತ್ತೆಯ ಹುಡುಗಿ ಓದಿ, 'ಅಜ್ಜಿ, ಇವರೆಲ್ಲ ಬಾಗಿಲ ಹೊರಗ ಕಾಯ್ಲತ್ತಾರ, ಒಳಗ ಬರ್ಲೇನು ಅಂತ ಕೇಳ್ಲತ್ತಾರ' ಎಂದಳಂತೆ. ಅವ್ವನಿಗೆ ಕಸಿವಿಸಿಯಾಯಿತು. 'ಅಯ್ಯ ನನ್ನವ್ವ, ಎಷ್ಟೊತ್ತಾತೋ ಪಾಪ! ಬಾಗಿಲಾಗ ನಿಂತವರಿಗೆ ಬಾ ಅನ್ನದೆ ಇರ್ತಾರೇನು, ಒತ್ತು ಒತ್ತು.' ಹುಡುಗಿ ಒತ್ತಿದಳು. ಕ್ರಿಕೆಟ್ ಗುಂಪಿನವರು ಬಂದರು. 'ಐಫೋನ್' ಎಂಬ ಹೆಸರಿನವರು ಬಂದರು. ಹಿಂದಿನ ವರ್ಷ ಕೆಲಸದಿಂದ ತೆಗೆದ ಇಬ್ಬರು ಬಂದರು. ಹೆಸರು ಬಂದಂತೆಲ್ಲ ಅವ್ವ ಟಿವಿಗೆ ನಮಸ್ಕಾರ ಮಾಡಿ, ಊಟ ಆಯಿತೇನು ಎಂದು ಕೇಳುತ್ತಿದ್ದಳಂತೆ. ಮೈಕು ಚಾಲೂ ಇತ್ತು. ಬೆಂಗಳೂರಿನಲ್ಲಿ ನನ್ನ ವಿಭಾಗದವರು ಇದನ್ನೆಲ್ಲ ನೋಡುತ್ತಲೇ ಇದ್ದರು. ಕೀಲಿಯ ಅಧಿಕಾರ ನನಗೊಬ್ಬನಿಗೇ ಇದ್ದದ್ದರಿಂದ, ಸರ್ ಏನೋ ಹೊಸ ಪ್ರಯೋಗ ಮಾಡುತ್ತಿದ್ದಾರೆ ಎಂದು ಸುಮ್ಮನಿದ್ದರು.

ಕೋಟೆಯ ಮೇಲಿಂದ ನಾನು ಕಡೆಯ ಉಪಾಯ ಮಾಡಿದೆ. ಖಾತೆಯಿಲ್ಲದೆ, ಬರೀ ಹೆಸರು ಬರೆದು ಲಾಬಿಯಲ್ಲಿ ನಿಂತೆ. ಎಲ್ಲರಿಗೂ ಬಾಗಿಲು ತೆರೆಯುವ ಮನೆ, ನನಗೆ ತೆರೆಯದೇ? ಅಷ್ಟರಲ್ಲಿ ದನಕ್ಕೆ ನೀರಿಟ್ಟು ಮಾವ ಒಳಗೆ ಬಂದಿದ್ದ. ಪಟ್ಟಿಯಲ್ಲಿ ನನ್ನ ಹೆಸರು ಓದಿದ, ಬಾಲಕ್ಕಿದ್ದ 'ಅನ್‌ವೆರಿಫೈಡ್' ಓದಿದ. 'ಹುಡುಗ ಉದಗೀರದಾಗ ಲಗ್ನದ ಊಟಕ್ಕ ಕುಂತಾನ. ಇಂಥ ಹೊತ್ತಿನ್ಯಾಗ ಆಫೀಸಿನ ಬಾಗಿಲ ಬಡೀತಾನೇನು ಅಂವ? ಯಾವನೋ ಕಳ್ಳ ಅವನ ಹೆಸರು ಇಟ್ಕೊಂಡು ಬಂದಾನ' ಎಂದು, ಪಕ್ಕದ ಗುಂಡಿ ಒತ್ತಿ ನನ್ನನ್ನು ಹೊರಗೆ ಹಾಕಿದ. ಮತ್ತೆ ನಿಂತೆ, ಮತ್ತೆ ಹಾಕಿದ. ಆ ಮಧ್ಯಾಹ್ನ ಇಡೀ ಕಂಪನಿಯಲ್ಲಿ ಸರಿಯಾದ ವಿಚಾರಣೆ ಮಾಡಿ ತಡೆಯಲಾದ ಏಕೈಕ ವ್ಯಕ್ತಿ ನಾನು.

ಇದೇ ಹೊತ್ತಿಗೆ ಮುಖ್ಯಸ್ಥರು ಸುರಕ್ಷತೆಯ ಸ್ಲೈಡಿಗೆ ಬಂದರು. ಇಂದಿನ ಸಭೆಯಲ್ಲಿ ಇರುವವರೆಲ್ಲ ಖಾತರಿಯಾದ ನೌಕರರು, ಇದನ್ನು ಸಾಧ್ಯವಾಗಿಸಿದವರನ್ನು ಎಲ್ಲರೂ ನೋಡಬೇಕು ಎಂದು ನನ್ನ ಹೆಸರು ಹೇಳಿ, ನನ್ನ ಚೌಕಟ್ಟನ್ನು ದೊಡ್ಡದು ಮಾಡಿಸಿದರು. ನಾಲ್ಕೈದು ಸಾವಿರ ಪರದೆಗಳ ತುಂಬ ಮಾವ. ಹೆಗಲ ಮೇಲೆ ಟವೆಲ್, ಗಲ್ಲದಲ್ಲಿ ಅಡಿಕೆ.

'ನಮಸ್ಕಾರ್ರಿ ಸಾಹೇಬ್ರ,' ಎಂದನಂತೆ ಮಾವ. 'ನಮ್ಮ ಹುಡುಗ ಲಗ್ನಕ್ಕ ಹೋಗ್ಯಾನ್ರಿ. ಏನರ ಕೆಲಸ ಇದ್ರ ನನಗ ಹೇಳ್ರಿ, ನಾ ಇಲ್ಲೇ ಕುಂತೀನಿ.'

ರಜೆ ಹಾಕಿದ್ದಾನೆಯೇ ಎಂದು ಮುಖ್ಯಸ್ಥರು ಮಾನವ ಸಂಪನ್ಮೂಲದವರನ್ನು ಅಲ್ಲೇ ಕೇಳಿದರಂತೆ. ಆ ಮೌನದಲ್ಲಿ ಕೆಲಸದಿಂದ ತೆಗೆದ ಇಬ್ಬರಲ್ಲಿ ಒಬ್ಬರು ತಮ್ಮ ಬಾಕಿ ಹಣದ ಮಾತೆತ್ತಿದರು. 2021ರ ಡಿಸೆಂಬರಿನಲ್ಲಿ ಅಮೆರಿಕದ ಬೆಟರ್ ಡಾಟ್ ಕಾಮ್ ಮುಖ್ಯಸ್ಥ ವಿಶಾಲ್ ಗರ್ಗ್ ಒಂದೇ ಝೂಮ್ ಕರೆಯಲ್ಲಿ ಸುಮಾರು 900 ಮಂದಿಯನ್ನು ಮನೆಗೆ ಕಳಿಸಿದಾಗ ಆ ಕರೆಯಲ್ಲಿದ್ದವರೆಲ್ಲ ಖಾತರಿಯಾದ ನೌಕರರೇ. ಅವರಿಗೆ ಉತ್ತರ ಕೊಡುವ ಅವಕಾಶ ಸಿಗಲಿಲ್ಲ. ನಮ್ಮವರಿಗೆ ಸಿಕ್ಕಿತು, ನಮ್ಮವ್ವನ ದಯೆಯಿಂದ. ಅವರ ಲೆಕ್ಕ ಮುಂದಿನ ವಾರವೇ ಚುಕ್ತಾ ಆಯಿತು. ಐದು ಸಾವಿರ ಜನರೆದುರು ಮುಖ್ಯಸ್ಥರು ಒಪ್ಪಿಕೊಂಡದ್ದನ್ನು ಹಿಂದೆ ಪಡೆಯುವುದು ಕಷ್ಟ. ಮಾವ ತೊಗರಿಯ ರೇಟು ಕೇಳಲು ಬಾಯಿ ತೆರೆದಾಗ ಉಮರ್ಗಾದಲ್ಲಿ ಕರೆಂಟು ಹೋಯಿತು. ರೂಟರ್ ಆರಿ, ಟೌನ್‌ಹಾಲಿನಿಂದ ನಾನು ಮಾಯವಾದೆ.

ದಪ್ಪಕ್ಷರದ ನಿಯಮದ ಪ್ರಕಾರ ನಾನು ಅರಿಶಿನದ ಕೆನ್ನೆಯಲ್ಲೇ ಯಶವಂತಪುರದ ರೈಲು ಹಿಡಿದು, ಖುದ್ದಾಗಿ ಕಚೇರಿಗೆ ಹೋಗಿ ನಿಲ್ಲಬೇಕಾಯಿತು. ಗುರುತಿನ ಕಾರ್ಡು ಉಮರ್ಗಾದ ಲ್ಯಾಪ್‌ಟಾಪ್ ಚೀಲದಲ್ಲಿತ್ತು. ಅದರ ವಿವರಕ್ಕೆ ಹೋಗುವುದಿಲ್ಲ, ಗೇಟಿನವನು ಸಂಜೆಯವರೆಗೆ ಕೂರಿಸಿದ ಎಂದಷ್ಟೇ ಹೇಳುತ್ತೇನೆ. ಅವ್ವ ಮೊದಲಿಂದಲೂ ಹೇಳುತ್ತಿದ್ದ ಜಾಗದಲ್ಲಿ, ಗೇಟಿನ ಮೇಲೆ, ನಾನು ಆ ದಿನ ನಿಜವಾಗಿಯೂ ಇದ್ದೆ.

ವಿಚಾರಣೆಯಾಯಿತು. ಸಭೆಗೆ ಖಾತರಿಯಾದ ನೌಕರರಿಗಷ್ಟೇ ಪ್ರವೇಶ ಎಂಬ ನಿಯಮ ಉಳಿಯಿತು, ಅದು ಉಳಿಯಬೇಕಾದ ನಿಯಮವೇ. ಕೀಲಿ ಈಗ ಇಬ್ಬರ ಕೈಯಲ್ಲಿದೆ, ಎರಡನೆಯವಳು ಪುತ್ತೂರಿನ ಹುಡುಗಿ. ಖಾತೆ ಸ್ಥಗಿತವಾದರೆ ಒಳಗಿದ್ದ ಪೆಟ್ಟಿಗೆಯೂ ಕೂಡಲೇ ಹೊರಬೀಳುತ್ತದೆ. ತಂದೆ ಹುಟ್ಟಿದ ಜಿಲ್ಲೆಯ ಪ್ರಶ್ನೆ ತೆಗೆದುಹಾಕಿದ್ದೇವೆ. ನನಗೆ ಒಂದು ದಿನದ ಸಂಬಳ ಕಡಿತ. ಮಾವನಿಗೆ ಮಾತ್ರ, ಸಂಶಯ ಬಂದವನನ್ನು ತಡೆದದ್ದಕ್ಕೆ, ಮುಖ್ಯಸ್ಥರ ಸಹಿಯಿರುವ ಮೆಚ್ಚುಗೆ ಪತ್ರ ಬಂತು. ಅವನು ಅದನ್ನು ಕೊಟ್ಟಿಗೆಯಲ್ಲಿ ತೂಗುಹಾಕಿದ್ದಾನೆ.

ಊರಿಗೆ ಹೋಗಿ ಮನೆಯಿಂದ ಕೆಲಸ ಮಾಡುವ ಓದುಗರಲ್ಲಿ ಒಂದೇ ಬಿನ್ನಹ. ಲ್ಯಾಪ್‌ಟಾಪಿನ ಮುಂದಿನಿಂದ ಏಳುವ ಮೊದಲು ಸಭೆಯಿಂದ ಹೊರಬನ್ನಿ, ಆಮೇಲೆ ವಿಂಡೋಸ್ ಗುಂಡಿಯನ್ನೂ ಎಲ್ ಅಕ್ಷರವನ್ನೂ ಒಟ್ಟಿಗೆ ಒತ್ತಿ, ಪರದೆಗೆ ಬೀಗ ಬೀಳುತ್ತದೆ. ಮ್ಯಾಕ್ ಇದ್ದವರು ಕಂಟ್ರೋಲ್, ಕಮಾಂಡ್, ಕ್ಯೂ ಮೂರನ್ನೂ ಒತ್ತಬೇಕು. ಲಗ್ನವಿದ್ದರೆ ರಜೆ ಹಾಕಿ.